ಅರ್ಜಿಯ ಮೂಲೆಯಲ್ಲೊಂದು ಸಹಿ

ಮಳೆಗಾಲದಲ್ಲಿ ಬಾಳೆಹೊನ್ನೂರಿನ ಯಾವ ಹೋಟೆಲಿನಲ್ಲಿ ಚಾ ಕುಡಿಯಲು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಎಮ್ಮೆಲ್ಲೆಗೆ ಕೊಟ್ಟಾಗಿದೆ ಮಾರಾಯ, ಸೈನೂ ಹಾಕಿದಾರೆ. ಇನ್ನು ಆದ ಹಾಗೇ." ಹಳ್ಳದಾಚೆಯ ನಾಲ್ಕು ಮನೆಗಳಿಗೆ ಕಾಲುಸಂಕ ಬೇಕು. ಕಾಫಿ ತೋಟಕ್ಕೆ ಇಳಿದ ಆನೆ ಬೇಲಿಯ ಜೊತೆ ನಿದ್ದೆಯನ್ನೂ ಕಿತ್ತುಕೊಂಡು ಹೋಗಿದೆ. ಊರಿನ ಕಷ್ಟವೆಲ್ಲ ನಿಜವೇ. ಆ ಸಹಿಯ ಮೇಲಿನ ನಂಬಿಕೆಯೊಂದೇ ಸುಳ್ಳು.

"ಸಹಿ ಬಿತ್ತು, ಕೆಲಸ ಆಯಿತು"

ಶಾಸಕರು ಅರ್ಜಿಯ ಮೂಲೆಯಲ್ಲಿ ಸಾಮಾನ್ಯವಾಗಿ ಬರೆಯುವುದು "ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು. ನಾವು "ಕ್ರಮ ಕೈಗೊಳ್ಳಿ" ಎಂಬುದನ್ನು ಓದಿಕೊಳ್ಳುತ್ತೇವೆ, ಅಧಿಕಾರಿ "ನಿಯಮಾನುಸಾರ" ಎಂಬುದನ್ನು. ಅದು ಮಂಜೂರಾತಿಯಲ್ಲ, ಶಿಫಾರಸು. ಆ ಕಾಗದವನ್ನು ತಾಲ್ಲೂಕು ಕಚೇರಿಗೋ ಪಂಚಾಯತಿಗೋ ಒಯ್ದು, ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಒತ್ತಿಸಿ, ಸಂಖ್ಯೆ ಬರೆಸಿಕೊಳ್ಳುವವರೆಗೆ ಸರ್ಕಾರದ ಲೆಕ್ಕದಲ್ಲಿ ಅರ್ಜಿ ಹುಟ್ಟಿಯೇ ಇಲ್ಲ. ನಾನೂ ಒಮ್ಮೆ ಸಹಿ ಬಿದ್ದ ಅರ್ಜಿಯನ್ನು ಡೈರಿಯೊಳಗೆ ಮಡಚಿಟ್ಟುಕೊಂಡು, ಅದು ತಾನಾಗಿಯೇ ಟೇಬಲಿನಿಂದ ಟೇಬಲಿಗೆ ನಡೆಯುತ್ತಿದೆ ಎಂದುಕೊಂಡು ಇಡೀ ಮಳೆಗಾಲ ಕಳೆದಿದ್ದೇನೆ. ಅದರಲ್ಲಿ ಹನ್ನೊಂದು ಬೇಡಿಕೆಗಳಿದ್ದವು ಬೇರೆ. ರಸ್ತೆ, ಆನೆ, ಕರೆಂಟು, ಹಕ್ಕುಪತ್ರ, ಬಸ್ಸು, ಎಲ್ಲವೂ ಒಂದೇ ಹಾಳೆಯಲ್ಲಿ. ಹನ್ನೊಂದು ಇಲಾಖೆಗಳಿಗೆ ಸೇರಿದ ಕಾಗದ ಯಾವ ಇಲಾಖೆಗೂ ಸೇರಿದ್ದಲ್ಲ ಎಂದು ತಿಳಿಯುವಷ್ಟರಲ್ಲಿ ಕಾಫಿ ಕೊಯ್ಲು ಬಂದಿತ್ತು.

ಒಂದು ಅರ್ಜಿ, ಒಂದೇ ವಿಷಯ. ಸರ್ವೆ ನಂಬರು, ಊರು, ಎಷ್ಟು ಮನೆಗಳಿಗೆ ತೊಂದರೆ, ಹಿಂದೆ ಯಾವಾಗ ಕೊಟ್ಟಿದ್ದಿರಿ, ಏನಾಗಬೇಕು. ಒಂದು ಪುಟ ಮೀರಿದರೆ ಆಪ್ತ ಸಹಾಯಕರೂ ಓದುವುದಿಲ್ಲ. ಆ ಆಪ್ತ ಸಹಾಯಕರನ್ನು ಹಗುರವಾಗಿ ಕಾಣುವುದೂ ತಪ್ಪೇ. ಯಾವ ಕಡತ ಎಲ್ಲಿ ಕೂತಿದೆ ಎಂಬುದು ಶಾಸಕರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

"ಎಲ್ಲಕ್ಕೂ ಎಮ್ಮೆಲ್ಲೆಯೇ"

ಇದಕ್ಕೆ ಕಾರಣವೂ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿಯೇ ಉಳಿದವು. ನಡುವಿನ ಎರಡು ಮೆಟ್ಟಿಲುಗಳು ಇಲ್ಲವಾದಾಗ ಜನ ನೇರವಾಗಿ ಶಾಸಕರ ಮನೆ ಬಾಗಿಲಿಗೆ ಬಂದದ್ದು ಸಹಜ.

ಆದರೂ ಬಾಗಿಲು ಬೇರೆ ಬೇರೆಯೇ. ಬೀದಿದೀಪ, ಕುಡಿಯುವ ನೀರು, ಊರೊಳಗಿನ ರಸ್ತೆ ಗ್ರಾಮ ಪಂಚಾಯತಿಯವು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಬೇಕೆಂದು ಕಾನೂನೇ ಹೇಳುತ್ತದೆ. ಅಲ್ಲಿ ಎದ್ದು ನಿಂತು ಕೇಳಿದ್ದನ್ನು ನಡಾವಳಿಯಲ್ಲಿ ಬರೆಸುವುದು ನಿಮ್ಮ ಕೈಯಲ್ಲಿದೆ. ಕರೆಂಟು ಮೆಸ್ಕಾಂನದು. ಬಗರ್‌ಹುಕುಂ ಅರ್ಜಿಯಾದರೆ ಶಾಸಕರ ಹತ್ತಿರ ಹೋಗುವುದರಲ್ಲಿ ಅರ್ಥವಿದೆ, ಸಕ್ರಮ ಸಮಿತಿಯಲ್ಲಿ ಅವರೇ ಕೂರುತ್ತಾರೆ. ಶೃಂಗೇರಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 169ರ ಗುಂಡಿ, ಬಿಎಸ್‌ಎನ್‌ಎಲ್ ಟವರು, ಅಡಿಕೆ ಆಮದು ದೆಹಲಿಯ ವಿಷಯ, ಅಂದರೆ ಸಂಸದರದು. ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಮ್ಮ ಬಾಳೆಹೊನ್ನೂರಿನ ಮಗ್ಗುಲಲ್ಲೇ ಇದ್ದರೂ ಕಾಫಿ ಮಂಡಳಿ ಇರುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ. ಇನ್ನು ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದ ಸದಸ್ಯರು ನಮಗೂ ಪ್ರತಿನಿಧಿಗಳೇ ಎಂಬುದು ಚುನಾವಣೆ ಬಂದಾಗ ಮಾತ್ರ ನೆನಪಾಗುತ್ತದೆ.

"ಸಂಸದರಿಗೆ ಕೋಟಿಗಟ್ಟಲೆ ನಿಧಿ ಬರುತ್ತದಲ್ಲ?"

ವರ್ಷಕ್ಕೆ 5 ಕೋಟಿ. ಉಡುಪಿ ಚಿಕ್ಕಮಗಳೂರು ಕ್ಷೇತ್ರದಲ್ಲಿ ವಿಧಾನಸಭಾ ಕ್ಷೇತ್ರಗಳು ಎಂಟು. ಸಮನಾಗಿ ಹಂಚಿದರೆ ಶೃಂಗೇರಿ ಕ್ಷೇತ್ರಕ್ಕೆ, ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೆಲ್ಲ ಸೇರಿ, ಸಿಗುವುದು ಅರವತ್ತೆರಡೂವರೆ ಲಕ್ಷ. ಅದನ್ನೂ ಸಂಸದರು ಕೈಯಾರೆ ಕೊಡುವಂತಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಆ ಹಣ ಬಳಸುವಂತೆಯೇ ಇಲ್ಲ, ಎಷ್ಟು ಹಾರ ಹಾಕಿದರೂ.

"ಪ್ರತಿಭಟನೆ ಮಾಡಿದೆವು, ಮನವಿ ಕೊಟ್ಟೆವು, ಆಕ್ಷೇಪಣೆ ಸಲ್ಲಿಸಿದ ಹಾಗಾಯಿತು"

ಮಲೆನಾಡಿಗೆ ಅತಿ ದುಬಾರಿಯಾದ ತಪ್ಪು ತಿಳಿವಳಿಕೆ ಇದೇ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಬಂದದ್ದು 2013ರಲ್ಲಿ. ಅದರ ಆಧಾರದ ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ, ಆರನೆಯದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಅದರಲ್ಲಿತ್ತು. ಆಕ್ಷೇಪಣೆಗೆ ಕೊಟ್ಟ ಕಾಲ 60 ದಿನ. ಸಲ್ಲಿಸಬೇಕಾದದ್ದು ಶಾಸಕರಿಗಲ್ಲ, ತಹಸೀಲ್ದಾರರಿಗೂ ಅಲ್ಲ, ದೆಹಲಿಯ ಪರಿಸರ ಸಚಿವಾಲಯಕ್ಕೆ.

ನಾವೇನು ಮಾಡಿದೆವು? ಮೆರವಣಿಗೆ ಹೋದೆವು, ಮನವಿ ಕೊಡುವ ಫೋಟೊ ತೆಗೆಸಿದೆವು, ಅದು ಮರುದಿನ ಪೇಪರಿನಲ್ಲಿ ಬಂತು. ಮೆರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಜನಪ್ರತಿನಿಧಿಗೆ ಬಿಸಿ ಮುಟ್ಟಿಸುವುದು ಅದೇ. ಆದರೆ ಘೋಷಣೆ ಕಡತಕ್ಕೆ ಸೇರುವುದಿಲ್ಲ. ಕರಡು ನಿಷೇಧಿಸಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್ ಹಾಗೂ ಅದಕ್ಕೂ ದೊಡ್ಡ ಕಟ್ಟಡಗಳನ್ನು. "ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ" ಎಂದು ಬರೆದರೆ ಓದುವ ಅಧಿಕಾರಿ ಕರಡಿನಲ್ಲಿ ಆ ಸಾಲನ್ನು ಹುಡುಕುತ್ತಾನೆ, ಸಿಗದಿದ್ದರೆ ಕಾಗದ ಪಕ್ಕಕ್ಕಿಡುತ್ತಾನೆ. "ನಮ್ಮ ಗ್ರಾಮದ ಇಂಥ ಸರ್ವೆ ನಂಬರುಗಳಲ್ಲಿ ಇಷ್ಟು ಮನೆ, ಇಷ್ಟು ಎಕರೆ ತೋಟವಿದೆ, ಉಪಗ್ರಹ ಚಿತ್ರದಲ್ಲಿ ಇದು ಕಾಡಾಗಿ ಕಂಡಿದೆ" ಎಂದು ಬರೆದರೆ ಅದನ್ನು ಪಕ್ಕಕ್ಕಿಡುವುದು ಕಷ್ಟ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. "ಮುಗೀತಲ್ಲ" ಎಂದು ಊರು ನಿಟ್ಟುಸಿರು ಬಿಟ್ಟಿತು. ಮುಗಿದಿರಲಿಲ್ಲ. ಅಧಿಸೂಚನೆ ಹೊರಡಿಸುವ ಅಧಿಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಕೈಯಲ್ಲಿದೆ. ರಾಜ್ಯದ "ಬೇಡ" ತೂಕದ ಮಾತು ನಿಜ, ಆದರೆ ಕೊನೆಯ ಮಾತಲ್ಲ.

"ವಶೀಲಿ ಇಲ್ಲದೆ ಏನೂ ಆಗುವುದಿಲ್ಲ"

ಹೀಗೆನ್ನುವವರು ಕೊಪ್ಪದ ಎಚ್.ಜಿ. ಗೋವಿಂದೇಗೌಡರನ್ನು ಮರೆತಿದ್ದಾರೆ. ತೊಂಬತ್ತರ ದಶಕದಲ್ಲಿ ಇದೇ ಕ್ಷೇತ್ರದ ಶಾಸಕರಾಗಿ ಶಿಕ್ಷಣ ಸಚಿವರಾದ ಅವರ ಕಾಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕ ಅಂಕಗಳ ಮೇಲೆ ನಡೆಯಿತು. ವಶೀಲಿ ಹಿಡಿದು ಹೋದವರಲ್ಲ, ಅಂಕಪಟ್ಟಿ ಹಿಡಿದು ಹೋದವರು ಮೇಷ್ಟ್ರಾದರು. ಮಲೆನಾಡಿನ ಮೂಲೆಮೂಲೆಯ ಶಾಲೆಗಳಲ್ಲಿ ಅವರು ಇಂದಿಗೂ ಸಿಗುತ್ತಾರೆ, ಕೇಳಿ ನೋಡಿ.

"ನನ್ನೊಬ್ಬನ ಮಾತಿಗೆ ಏನು ಬೆಲೆ?"

2023ರ ಮೇ ತಿಂಗಳ ಎಣಿಕೆಯಲ್ಲಿ ಶೃಂಗೇರಿ ಕ್ಷೇತ್ರದಲ್ಲಿ ಘೋಷಣೆಯಾದ ಗೆಲುವಿನ ಅಂತರ 201 ಮತ. ಹಳ್ಳದಾಚೆಯ ಒಂದೆರಡು ಕೇರಿ ಸೇರಿದರೆ ಅಷ್ಟಾಗುತ್ತದೆ. ಈ ಲೆಕ್ಕ ನಮಗಿಂತ ರಾಜಕಾರಣಿಗಳಿಗೇ ಚೆನ್ನಾಗಿ ಗೊತ್ತು. ಶಾಸಕರು ಆಡಳಿತ ಪಕ್ಷದವರಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದೂ ಅಷ್ಟೇ ಟೊಳ್ಳು. ಸದನದಲ್ಲಿ ಪ್ರಶ್ನೆ ಕೇಳಲು ಯಾವ ಪಕ್ಷದವರಿಗೂ ಅಡ್ಡಿಯಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು, ಚುಕ್ಕೆಯಿಲ್ಲದ್ದಕ್ಕೆ ಬರಹದಲ್ಲಿ. ಎರಡೂ ದಾಖಲೆಯಾಗಿ ಉಳಿಯುತ್ತವೆ. ಆದ್ದರಿಂದ ಅನುದಾನ ಕೇಳುವ ಮೊದಲು ಪ್ರಶ್ನೆ ಕೇಳಿಸಿ. ಪ್ರಶ್ನೆಯನ್ನು ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಅಷ್ಟಾಗಿಯೂ ಅರ್ಜಿ ಎಲ್ಲಿ ನಿಂತಿತು ಎಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಕಚೇರಿಗೆ 30 ದಿನ. ಟಪಾಲಿನಲ್ಲಿ ಬರೆಸಿಕೊಂಡ ಆ ಸಂಖ್ಯೆ ಬೇಕಾಗುವುದು ಆಗಲೇ.