ಗುಂಪನ್ನು ತಡೆಯುವವರೇ ನಾಯಕರು

ಹೋದ ಜಾತ್ರೆಯಲ್ಲಿ ಯಾರೋ "ಕಳ್ಳ, ಕಳ್ಳ" ಎಂದು ಕೂಗಿದರು. ಎಲ್ಲರ ಜೊತೆ ನಾನೂ ಕಲ್ಲು ಹಿಡಿದು ಓಡಿದೆ. "ಯಾರಿಗ್ ಹೊಡೀತೀಯೋ?" ಅಂತ ಅಜ್ಜಿ ತಡೆದು ಕೇಳಿದಳು. ನನಗೇ ಗೊತ್ತಿರಲಿಲ್ಲ! ಗುಂಪು ಅಂದರೆ ಹೀಗೇ.

1947ರಲ್ಲಿ ಕಲ್ಕತ್ತಾದಲ್ಲಿ ಹಿಂದೂ-ಮುಸ್ಲಿಂ ಗಲಭೆ ನಡೆಯಿತು. ಆಗಸ್ಟ್ 31ರ ರಾತ್ರಿ ಸಿಟ್ಟಿಗೆದ್ದ ಗುಂಪು ಗಾಂಧೀಜಿ ತಂಗಿದ್ದ ಮನೆಗೇ ನುಗ್ಗಿತು. ಅವರಿಗಾಗ 77 ವರ್ಷ. ಊರು ಶಾಂತವಾಗುವವರೆಗೂ ಉಣ್ಣುವುದಿಲ್ಲ ಎಂದು ಮರುದಿನವೇ ಉಪವಾಸ ಕೂತರು. ಜನರ ಮನಸ್ಸು ಕರಗಿತು. ಕೆಲವರು ಆಯುಧಗಳನ್ನೇ ತಂದು ಅವರ ಮುಂದಿಟ್ಟರು. ಶಾಂತಿ ಕಾಪಾಡುತ್ತೇವೆ ಎಂದು ಮುಖಂಡರು ಬರೆದುಕೊಟ್ಟ ಮೇಲೆ ಸೆಪ್ಟೆಂಬರ್ 4ರಂದು ಉಪವಾಸ ಬಿಟ್ಟರು.

ಗುಂಪಿನ ಸಿಟ್ಟಿಗೆ ತುಪ್ಪ ಸುರಿಯೋದು ಸುಲಭ. ನೋವನ್ನು ತಾವು ತಗೊಂಡು ಗುಂಪನ್ನು ತಡೆಯುವವರೇ ನಿಜವಾದ ನಾಯಕರು. ಅಂಥವರು ಹತ್ತಿರ ಇಲ್ಲದಿದ್ದರೆ? ಸ್ನೇಹಿತರೇ, ಕಲ್ಲು ಎತ್ತುವ ಮೊದಲು ಅಜ್ಜಿಯ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳೋಣ.