ಮರದ ಸೊನೆಯೂ ಜೋಲಿಯ ಪಟ್ಟಿಯೂ

ಮರದಿಂದ ಒಸರುವುದಕ್ಕೆಲ್ಲ ಒಂದೇ ಹೆಸರಿಟ್ಟು ಸುಮ್ಮನಾಗುವ ಜನ ನಾವಲ್ಲ. ಮಾವಿನದು ಸೊನೆ, ಹಲಸಿನದು ಮೇಣ, ಅತ್ತಿಯದು ಹಾಲು, ಧೂಪದ ಮರದ್ದು ರಾಳ, ಜಾಲಿಯದು ಗೋಂದು. ಇವು ಬರಿಯ ಪರ್ಯಾಯಪದಗಳಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಗುಣದ ಪರಿಚಯವಿದೆ. ಗೋಂದು ನೀರಿಗೆ ಕರಗುತ್ತದೆ. ಮೇಣ ನೀರಿಗೆ ಜಗ್ಗದೆ ಎಣ್ಣೆಗೆ ಮಣಿಯುತ್ತದೆ. ರಾಳ ಬಿಸಿಗೆ ಕರಗಿ, ಚಳಿಗೆ ಗಾಜಿನಂತೆ ಬಿರುಸಾಗುತ್ತದೆ. ಭಾಷೆಯೊಳಗೆ ಅಡಗಿರುವ ಈ ತಿಳಿವಳಿಕೆ ಇಂದು ಹೊಸದೊಂದು ಪ್ರಸಂಗದಲ್ಲಿ ಉಪಯೋಗಕ್ಕೆ ಬರುವಂತಿದೆ.

ಸಕಲೇಶಪುರ, ಆಲೂರುಗಳ ಗುಡ್ಡಗಳಿಗೆ ಬರುವ ತರುಣರು ಈಗ ಬೆನ್ನುಚೀಲದಲ್ಲಿ ಒಂದು ಜೋಲಿಯನ್ನೂ ತರುತ್ತಾರೆ. ಎರಡು ಮರಗಳ ನಡುವೆ ನೈಲಾನಿನ ಪಟ್ಟಿಗಳಿಂದ ಅದನ್ನು ಬಿಗಿದು, ಕಾಫಿ ತೋಟದ ನೆರಳಿನಲ್ಲಿ ಮಲಗುತ್ತಾರೆ. ಇದರ ಇಂಗ್ಲಿಷ್ ಹೆಸರಾದ ‘ಹ್ಯಾಮಕ್’ ಕೆರಿಬಿಯನ್ ದ್ವೀಪವಾಸಿಗಳ ಮಾತಿನಿಂದ ಬಂದದ್ದು. 1492ರಲ್ಲಿ ಕೊಲಂಬಸನು ಅಲ್ಲಿಗೆ ಹೋದಮೇಲೆ ಯುರೋಪಿನವರು ಅದನ್ನು ಕಂಡು, ಮುಂದೆ ಹಡಗುಗಳಲ್ಲಿ ನಾವಿಕರ ಹಾಸಿಗೆಯನ್ನಾಗಿ ಮಾಡಿಕೊಂಡರು. ಆದರೆ ಜೋಲಿ ನಮ್ಮ ತೋಟಗಳಿಗೆ ಹೊಸದೇನಲ್ಲ. ಕೂಲಿಗೆ ಬಂದ ತಾಯಂದಿರು ಹಳೆಯ ಸೀರೆಯನ್ನು ಕೊಂಬೆಗೆ ಕಟ್ಟಿ, ಕೂಸನ್ನು ಮಲಗಿಸಿ ಹಣ್ಣು ಕೊಯ್ಯುತ್ತಿದ್ದುದು ಇಲ್ಲಿಯವರೆಲ್ಲ ಕಂಡ ನೋಟ. ಯಾವ ಮರಕ್ಕೆ ಕಟ್ಟಬಾರದೆಂಬುದನ್ನು ಆ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪ್ರವಾಸಿಗೆ ಆ ಅರಿವಿಲ್ಲ. ಬೆಳಗ್ಗೆ ಜೋಲಿ ಬಿಚ್ಚಿದರೆ ಪಟ್ಟಿಯ ತುಂಬ ಅಂಟು. ಅದನ್ನು ಹಾಗೆಯೇ ಮಡಿಚಿದರೆ ಚೀಲವೆಲ್ಲ ಅಂಟು. ಗಾಬರಿಯಿಂದ ಬಿಸಿನೀರಿನಲ್ಲಿ ಉಜ್ಜಿದರೆ ಅಂಟು ಇನ್ನಷ್ಟು ಹರಡುತ್ತದೆ. ಉಜ್ಜುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಮರದ್ದು?

ಹಲಸಾಗಲಿ ಅತ್ತಿಯಾಗಲಿ ಆಗಿದ್ದರೆ ಉತ್ತರ ಅಡುಗೆಮನೆಯಲ್ಲಿದೆ. ಹಲಸಿನ ಹಣ್ಣು ಹೆಚ್ಚುವವರು ಮೊದಲು ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಸವರಿಕೊಳ್ಳುತ್ತಾರಷ್ಟೆ? ಪಟ್ಟಿಯ ಮೇಣಕ್ಕೂ ಎಣ್ಣೆ ಸವರಿ, ಅದು ಸಡಿಲಿದಮೇಲೆ ಬಟ್ಟೆಯಿಂದ ಒರಸಿ, ಅನಂತರ ಸಾಬೂನು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಎಣ್ಣೆಯನ್ನು ಉಳಿಯಗೊಟ್ಟರೆ ಅದಕ್ಕೆ ಧೂಳು ಮೆತ್ತುತ್ತದೆ. ಸಿಲ್ವರ್ ಓಕಿನ ಗೋಂದಾದರೆ ನೀರಿನಲ್ಲಿ ನೆನೆಹಾಕಿದರೆ ಮೆತ್ತಗಾಗುತ್ತದೆ. ಸಾಲುಧೂಪದ ರಾಳ ಹಾಗಲ್ಲ. ಅದು ಒಣಗಿ ಗಟ್ಟಿಯಾಗುವವರೆಗೆ ಕಾದು, ಬೆಳಗಿನ ಚಳಿಯಲ್ಲಿ ಪಟ್ಟಿಯನ್ನು ಬಗ್ಗಿಸಿದರೆ ಚಕ್ಕೆಯಾಗಿ ಉದುರುತ್ತದೆ. ಉಳಿದುದನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬಹುದು. ಹೊನ್ನೆಯ ಕೆಂಪು ರಸವನ್ನು ಹಸಿಯಿರುವಾಗಲೇ ತೊಳೆಯಬೇಕು. ಒಣಗಿದರೆ ಕಲೆ ನಿಲ್ಲುತ್ತದೆ. ತೊಳೆದ ಪಟ್ಟಿಯನ್ನು ನೆರಳಿನಲ್ಲಿ ಒಣಗಿಸುವುದು ಒಳ್ಳೆಯದು, ಬಿಸಿಲು ನೈಲಾನಿನ ಬಲವನ್ನು ಕುಂದಿಸುತ್ತದೆ. ಅಂಟಿನಲ್ಲಿ ಸಿಕ್ಕಿದ ಮರಳು ಎಳೆಗಳನ್ನು ಒಳಗಿಂದೊಳಗೆ ಕೊಯ್ಯುವುದರಿಂದ, ಮತ್ತೆ ಕಟ್ಟುವ ಮುನ್ನ ಪಟ್ಟಿಯನ್ನು ಬೆರಳಿನಿಂದ ತಡವಿ ನೋಡಬೇಕು. ಮನುಷ್ಯನ ಭಾರವೆಲ್ಲ ಆ ಎಳೆಗಳ ಮೇಲಲ್ಲವೆ?

ಇವೆಲ್ಲಕ್ಕಿಂತ ಎಚ್ಚರವಿರಬೇಕಾದ್ದು ಹೊಳೆಗೇರಿನ ವಿಷಯದಲ್ಲಿ. ಮಾವು, ಗೇರುಗಳ ಕುಟುಂಬಕ್ಕೇ ಸೇರಿದ ಈ ಕಾಡುಮರದ ಸೊನೆ ಗಾಳಿ ಸೋಕಿದೊಡನೆ ಕಪ್ಪಾಗುತ್ತದೆ. ಮೈಗೆ ತಗುಲಿದರೆ ಬೊಬ್ಬೆಯೇಳುತ್ತದೆ. ಸಸ್ಯಶಾಸ್ತ್ರಜ್ಞರು ಇಟ್ಟ ‘ಹೊಲಿಗಾರ್ನಾ’ ಎಂಬ ಹೆಸರಿನಲ್ಲಿಯೂ ನಮ್ಮ ಗೇರಿನ ದನಿ ಕೇಳಿಸುವಂತಿದೆ. ಅದರ ಸೊನೆ ಮೆತ್ತಿದ ಪಟ್ಟಿಯನ್ನು ಬರಿಗೈಯಿಂದ ಮುಟ್ಟಬಾರದು. ಶುದ್ಧಿಮಾಡುವ ಸಾಹಸಕ್ಕಿಂತ ಅಂಥ ಪಟ್ಟಿಯನ್ನು ಬಿಟ್ಟುಬಿಡುವುದೇ ಲೇಸು.

ಆದರೆ ಸೊನೆ ಬಂದದ್ದಾದರೂ ಏತಕ್ಕೆ? ಗಾಯವಾದಲ್ಲಿ ಮರ ತನ್ನನ್ನು ಮುಚ್ಚಿಕೊಳ್ಳಲು, ಹುಳುಹುಪ್ಪಟೆಗಳನ್ನು ತಡೆಯಲು ಮಾಡಿಕೊಂಡ ಉಪಾಯ ಅದು. ಗಾಯ ಕೆಲವೊಮ್ಮೆ ಹಳೆಯದಿರುತ್ತದೆ. ಮರಗಸಿಯಾದ ಹೊಸದರಲ್ಲಿ ಕಡಿದ ಕೊಂಬೆಗಳಿಂದ ತೊಟ್ಟಿಕ್ಕುವುದೂ ಉಂಟು. ಕೆಲವೊಮ್ಮೆ ಮಾತ್ರ ಅದನ್ನು ಮಾಡಿದವರು ನಾವೇ. ತೆಳ್ಳನೆಯ ಹಗ್ಗ ತೊಗಟೆಯನ್ನು ಕೊರೆದರೆ, ಅದರ ಕೆಳಗೆ ಆಹಾರ ಹರಿಯುವ ಎಳೆಯ ಪದರವೂ ಜಜ್ಜಿಹೋಗುತ್ತದೆ. ರಾಳಧೂಪದ ಮರದ ಬುಡ ಕೆತ್ತಿ, ಬೆಂಕಿಯಿಟ್ಟು ರಾಳ ತೆಗೆದ ಕಡೆಗಳಲ್ಲಿ ಎಷ್ಟೋ ಮರಗಳು ಸತ್ತಿವೆ. ಜೋಲಿಯ ಹಗ್ಗದ ಗಾಯ ಅಷ್ಟು ದೊಡ್ಡದಲ್ಲವಾದರೂ, ದಿನಕ್ಕೊಬ್ಬ ಅತಿಥಿ ಅದೇ ಮರಕ್ಕೆ ಕಟ್ಟಿದರೆ ಚಿಕ್ಕದಾಗಿಯೂ ಉಳಿಯುವುದಿಲ್ಲ.

ಈ ಮರಗಳು ಸುಮ್ಮನೆ ನಿಂತವೂ ಅಲ್ಲ. ಮಂಜರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆರಳಿನ ಮರಗಳ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ವಿವೇಚನೆಯಿಂದ ಬೆಳೆದ ನೆರಳು ಇದು. ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಒಬ್ಬರ ವರ್ಷದ ದುಡಿಮೆ. ಪಟ್ಟಿಯ ಸೆಳೆತಕ್ಕೆ ಅದರ ಬೇರುಗಳು ಕಿತ್ತರೆ ಆ ನಷ್ಟವನ್ನು ಯಾವ ಎಣ್ಣೆಯೂ ಒರಸದು. ಆದುದರಿಂದ ಬಳ್ಳಿಯಿಲ್ಲದ, ಗಾಯವಿಲ್ಲದ, ಬಲಿತ ಮರವನ್ನು ತೋಟದವರನ್ನು ಕೇಳಿಯೇ ಆರಿಸಿಕೊಳ್ಳಬೇಕು. ಪಟ್ಟಿ ಎರಡು ಅಂಗುಲ ಅಗಲವಿರಲಿ. ತೊಗಟೆಗೂ ಅದಕ್ಕೂ ನಡುವೆ ಗೋಣಿತಟ್ಟಿನ ತುಂಡೊಂದಿರಲಿ. ಮರಕ್ಕೂ ನೋವಿಲ್ಲ, ಪಟ್ಟಿಗೂ ಅಂಟಿಲ್ಲ.

ಎಲ್ಲವನ್ನೂ ‘ಅಂಟು’ ಎಂದು ಕರೆಯುವವನಿಗೆ ಎಲ್ಲ ಮರವೂ ಕಂಬವೇ. ಮೇಣವೆಂದೂ ರಾಳವೆಂದೂ ಬಿಡಿಸಿ ಹೇಳಬಲ್ಲವನು ಕಟ್ಟುವ ಮುನ್ನ ಒಮ್ಮೆ ತಲೆಯೆತ್ತಿ ಎಲೆಯನ್ನು ನೋಡುತ್ತಾನೆ. ಹೆಸರುಗಳನ್ನು ಉಳಿಸಿಕೊಳ್ಳುವುದರಿಂದ ಆಗುವ ಪ್ರಯೋಜನ ಇದೇ.