ನಿದ್ದೆಗೂ ಇಳಿಯದ ದಣಿವು: ಸಿಸ್ಟರ್‌ಗಳ ಬರ್ನ್‌ಔಟ್ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಬರ್ನ್‌ಔಟ್ ಎಂದರೆ ಬರೀ ಸುಸ್ತು, ಎರಡು ದಿನ ರಜೆ ಹಾಕಿ ಮಲಗಿದರೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸುಸ್ತು ನಿದ್ದೆಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಮೈಯಲ್ಲಿನ ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನಿಸುವುದು ಇದರ ಮೂರು ಗುರುತುಗಳು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನು ರೋಗವೆನ್ನುವುದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎನ್ನುತ್ತದೆ. ‘ಆ ಸಿಸ್ಟರ್‌ಗೆ ತಲೆ ಕೆಟ್ಟದ’ ಎನ್ನುವ ಮಾತಿಗೆ ಆಧಾರವಿಲ್ಲ.

ಸೇವಾಭಾವ ಇಲ್ಲದವರೇ ಬೇಗ ಬೇಸರಪಡುತ್ತಾರೆ ಎಂಬುದಂತೂ ತೀರಾ ತಲೆಕೆಳಗಾದ ಮಾತು. 1974ರಲ್ಲಿ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರ್ನ್‌ಔಟ್ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಸಂಬಳದ ಆಸೆಯಿಲ್ಲದೆ ದುಡಿದವರನ್ನು ಕಂಡು.

ಇದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಗೋಳು, ರಂಗಂಪೇಟೆ, ಸುರಪುರದಂಥ ಸಣ್ಣ ಊರುಗಳ ಕಡೆ ಎಂಥ ಒತ್ತಡ ಎಂದು ಕೇಳುವವರೂ ಇದ್ದಾರೆ. ಆ ಕಡೆಯ ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಗದ್ದೆಗೆ ನೀರು ಬಿಡಲು ಹೋದವನಿಗೆ ಹಾವು ಕಚ್ಚಿತೆನ್ನಿ. ತಾಲ್ಲೂಕು ಮಟ್ಟದ ಯಾವುದೇ ಆಸ್ಪತ್ರೆಯಲ್ಲಿ ಅವನ ರಕ್ತವನ್ನು ಒಣ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಬೇಕು. ಮತ್ತೆ ಮತ್ತೆ ನೋಡಬೇಕು. ಆ ಹೊತ್ತಿನಲ್ಲೇ ಪಕ್ಕದ ವಾರ್ಡಿನಿಂದ ‘ಸಿಸ್ಟರ್ರೀ, ಬಾಟ್ಲಿ ಮುಗದದ ನೋಡ್ರಿ’ ಎಂಬ ಕೂಗು, ಹೆರಿಗೆ ಕೋಣೆಯಲ್ಲಿ ಇನ್ನೊಂದು ಅವಸರ, ತುಂಬದೆ ಉಳಿದ ರಿಜಿಸ್ಟರ್. ನೈಟ್ ಡ್ಯೂಟಿಗೆ ಒಬ್ಬರೇ ಇದ್ದರೆ ದೊಡ್ಡ ಊರಿಗಿಂತ ಸಣ್ಣ ಊರಿನಲ್ಲೇ ಭಾರ ಹೆಚ್ಚು.

ಯೋಗ, ಧ್ಯಾನ ಮಾಡಿದರೆ ಸಾಕೆಂಬ ಸಲಹೆ ಅಗ್ಗದ್ದು, ಅದಕ್ಕೇ ಜನಪ್ರಿಯ. ಅವುಗಳಿಂದ ಸ್ವಲ್ಪ ಹಗುರಾಗುವುದು ನಿಜ, ಆದರೆ ಒಬ್ಬ ಸಿಸ್ಟರ್ ನೋಡಿಕೊಳ್ಳಬೇಕಾದ ಹಾಸಿಗೆಗಳ ಲೆಕ್ಕ ಬದಲಾಗದು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಲಿಂಡಾ ಐಕನ್ ತಂಡ ನಡೆಸಿದ 2002ರ ಅಧ್ಯಯನದಲ್ಲಿ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಸಾಧ್ಯತೆ ಶೇ 23, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರಿತ್ತು. ಹಾಗಾಗಿ ಇದು ಸಿಸ್ಟರ್‌ಗಳ ಸ್ವಂತ ತಾಪತ್ರಯವೆಂದು ಕೈತೊಳೆದುಕೊಳ್ಳುವಂತಿಲ್ಲ. ರಜೆ ಹೋದವರ ಜಾಗ ತುಂಬಲೆಂದೇ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ.

ಮನಸ್ಸು ತೀರಾ ಕುಸಿದಾಗ ಮಾತಾಡಲು 14416, ಟೆಲಿ ಮಾನಸ್ ಸಹಾಯವಾಣಿ, ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.